ಗುಡ್ಡದ ಮೇಲಿನ ಸಂಘ, ಊರೊಳಗಿನ ಸಂಘ

ವಿಶಾಖಪಟ್ಟಣದಿಂದ ಸಮುದ್ರದ ದಂಡೆಯನ್ನೇ ಹಿಡಿದು ಉತ್ತರಕ್ಕೆ ಹೋದರೆ ಭೀಮುನಿಪಟ್ಟಣ ಸಿಗುತ್ತದೆ. ಇಲ್ಲಿಯ ಜನ ಪ್ರೀತಿಯಿಂದ ಅದನ್ನು ಭೀಮಿಲಿ ಎನ್ನುತ್ತಾರೆ. ಗೋಸ್ತನಿ ನದಿ ಕಡಲು ಸೇರುವ ಊರು. ಡಚ್ಚರು ವ್ಯಾಪಾರ ಮಾಡಿ, ಕೊನೆಗೆ ತಮ್ಮವರ ಸಮಾಧಿಗಳನ್ನು ಬಿಟ್ಟುಹೋದ ಊರು. 1861ರಷ್ಟು ಹಿಂದೆಯೇ ಪುರಸಭೆಯನ್ನು ಕಂಡ ಊರು. ನಮ್ಮ ಕನ್ನಡ ಕುಟುಂಬಗಳಿಗಂತೂ ಅದು ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಭಾನುವಾರ ಹೋಗಿಬರುವ ಜಾಗ. ಮಕ್ಕಳು ಮರಳಿನಲ್ಲಿ ಆಡುತ್ತಾರೆ, ಹಿರಿಯರು ಸಂಘದ ವಿಚಾರ ತೆಗೆದು ವಾದಕ್ಕೆ ಕೂಡುತ್ತಾರೆ.

ಹಾಗೆ ವಾದಿಸುವಾಗ ನಮ್ಮ ಬೆನ್ನ ಹಿಂದೆ ಒಂದು ಗುಡ್ಡವಿರುತ್ತದೆ. ಅದರ ಹೆಸರು ಪಾವುರಾಲಕೊಂಡ, ಅಂದರೆ ಪಾರಿವಾಳಗಳ ಗುಡ್ಡ. ಅದರ ಮೇಲೆ ಪ್ರಾಚೀನ ಬೌದ್ಧ ನೆಲೆಯ ಅವಶೇಷಗಳಿವೆ. ಅದೇ ಕಡಲ ದಾರಿಯಲ್ಲಿ ತೊಟ್ಲಕೊಂಡ, ಬಾವಿಕೊಂಡ ಎಂಬ ಇನ್ನೆರಡು ನೆಲೆಗಳಿವೆ. ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳಿಂದ ಒಂದಕ್ಕೆ, ಬಾವಿಗಳಿಂದ ಇನ್ನೊಂದಕ್ಕೆ ಹೆಸರು ಬಂದಿದೆ. 1980ರ ದಶಕದಲ್ಲಿಯೂ ಅದರ ಮುಂದಿನ ವರ್ಷಗಳಲ್ಲಿಯೂ ಆಂಧ್ರಪ್ರದೇಶದ ಪುರಾತತ್ವ ಇಲಾಖೆ ಅಲ್ಲಿ ಅಗೆತ ನಡೆಸಿತು. ತೊಟ್ಲಕೊಂಡದಲ್ಲಿ ಸ್ತೂಪ, ಭಿಕ್ಷುಗಳ ಕೋಣೆಗಳು, ಅಡಿಗೆಮನೆ ಇವುಗಳ ಜೊತೆಗೆ ಕಂಬಗಳ ಸಭಾಮಂಟಪವೂ ಬೆಳಕಿಗೆ ಬಂತು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಆ ಮಂಟಪದಲ್ಲಿ ಕೂಡುತ್ತಿದ್ದವರೂ ತಮ್ಮನ್ನು ಕರೆದುಕೊಂಡದ್ದು 'ಸಂಘ' ಎಂದೇ. ನಾವು ಇಂದು ನಮ್ಮ ಕೂಟಕ್ಕೆ ಇಟ್ಟುಕೊಂಡಿರುವ ಹೆಸರೂ ಅದೇ.

ಹೆಸರನ್ನು ಪಡೆದ ನಾವು ಅವರ ಸಭೆಯ ರೀತಿಯನ್ನೂ ಸ್ವಲ್ಪ ಪಡೆಯಬಾರದೆ ಎಂಬುದು ಈ ಲೇಖನದ ಪ್ರಶ್ನೆ.

ಈ ಪ್ರಶ್ನೆ ಸುಮ್ಮನೆ ಎದ್ದದ್ದಲ್ಲ. ನಮ್ಮ ಸಂಘದ ಒಂದು ವಾರ್ಷಿಕ ಸಭೆಯಲ್ಲಿ ಮಕ್ಕಳ ಕನ್ನಡ ತರಗತಿಯ ವಿಷಯ ಬಂತು. ನಾಲ್ಕಾರು ಮಂದಿ ಹಿರಿಯರು ಮಾತಾಡಿದರು. ಭಾನುವಾರ ಬೆಳಿಗ್ಗೆ ತರಗತಿ ಎಂದು ಗೊತ್ತಾಯಿತು. "ಎಲ್ಲರಿಗೂ ಒಪ್ಪಿಗೆ ತಾನೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದಿನ ವಿಷಯಕ್ಕೆ ಹೋದೆವು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ತಾಯಂದಿರು ಸುಮ್ಮನಿದ್ದರು. ಮೌನವೇ ಸಮ್ಮತಿ ಎಂದುಕೊಂಡೆವು. ತರಗತಿ ಮೂರು ತಿಂಗಳು ಕುಂಟುತ್ತ ನಡೆದು ನಿಂತಿತು. ಭಾನುವಾರ ಬೆಳಿಗ್ಗೆ ದೊಡ್ಡ ಮಕ್ಕಳಿಗೆ ಪರೀಕ್ಷೆಯ ಪಾಠಗಳಿರುತ್ತವೆ, ಮನೆಯಲ್ಲಿ ಆ ಹೊತ್ತಿಗೆ ಕೆಲಸ ಹೆಚ್ಚು ಎಂಬುದು ಆ ಹಿಂದಿನ ಸಾಲಿಗೆ ಮೊದಲೇ ಗೊತ್ತಿತ್ತು. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಹೊರನಾಡಿನಲ್ಲಿ ಒಂದು ಕನ್ನಡ ತರಗತಿ ಮುಚ್ಚುವುದೆಂದರೆ ಸಣ್ಣ ನಷ್ಟವಲ್ಲ. ಅಜ್ಜಿಯ ಕಾಗದ ಓದಲಾರದ ಮಕ್ಕಳು ನಮ್ಮ ನಮ್ಮ ಮನೆಗಳಲ್ಲೇ ಇದ್ದಾರೆ.

ಇನ್ನು ಭಿಕ್ಷುಸಂಘದ ರೀತಿಯನ್ನು ನೋಡೋಣ. ಪಾಲಿ ಭಾಷೆಯ ವಿನಯಪಿಟಕದಲ್ಲಿ ಅದು ವಿವರವಾಗಿದೆ. ಸಭೆಗೆ ಇಂತಿಷ್ಟು ಮಂದಿ ಇರಲೇಬೇಕೆಂಬ ನಿಯಮವಿತ್ತು: ಕಾರ್ಯಕ್ಕೆ ತಕ್ಕಂತೆ ನಾಲ್ವರು, ಐವರು, ಹತ್ತು ಮಂದಿ, ಇಪ್ಪತ್ತು ಮಂದಿ. ಕಾಯಿಲೆಯಿಂದ ಬರಲಾಗದವನು ತನ್ನ ಒಪ್ಪಿಗೆಯನ್ನು ಇನ್ನೊಬ್ಬ ಭಿಕ್ಷುವಿನ ಮೂಲಕ ಹೇಳಿಕಳಿಸಬೇಕಿತ್ತು. ಬರಲಿಲ್ಲ ಎಂಬ ಕಾರಣಕ್ಕೆ ಅವನನ್ನು ಲೆಕ್ಕದಿಂದ ಬಿಡುವಂತಿರಲಿಲ್ಲ.

ವಿಷಯವನ್ನು ಮೊದಲು ಸ್ಪಷ್ಟವಾದ ಮಾತುಗಳಲ್ಲಿ ಸಭೆಯ ಮುಂದಿಡಬೇಕು. ಇದಕ್ಕೆ 'ಞತ್ತಿ' ಎಂದು ಹೆಸರು; ನಮ್ಮ ಮಾತಿನಲ್ಲಿ ಸೂಚನೆ. ಅನಂತರ, ಒಪ್ಪುವವರು ಸುಮ್ಮನಿರಲಿ, ಒಪ್ಪದವರು ಮಾತಾಡಲಿ ಎಂದು ಸಾರಬೇಕು. ಮುಖ್ಯವಾದ ಕಾರ್ಯಗಳಲ್ಲಿ ಹೀಗೆ ಮೂರು ಸಲ ಸಾರಬೇಕು. ಮೂರು ಸಲವೂ ಯಾರೂ ಬಾಯಿ ತೆರೆಯದಿದ್ದರೆ ಮಾತ್ರ ಸಂಘ ಒಪ್ಪಿತೆಂದು ಅರ್ಥ. ಅಲ್ಲಿಯೂ ಮೌನವೇ ಸಮ್ಮತಿ, ನಿಜ. ಆದರೆ ಮೂರು ಸಲ ಬಾಗಿಲು ತೆರೆದು ಕರೆದ ಮೇಲೆ ಉಳಿದ ಮೌನ ಅದು. ನಮ್ಮದು ಬಾಗಿಲನ್ನೇ ತೆರೆಯದೆ ಎಣಿಸಿಕೊಂಡ ಮೌನ.

ಭಿನ್ನಾಭಿಪ್ರಾಯ ತೀರದಿದ್ದರೆ ಮತ ತೆಗೆಯುವ ಕ್ರಮವೂ ಇತ್ತು. ಮತಕ್ಕೆ ಸಣ್ಣ ಕಡ್ಡಿಗಳನ್ನು ಬಳಸುತ್ತಿದ್ದರು. ಅವುಗಳ ಹೆಸರು ಶಲಾಕೆ. ಹಂಚುವವನು ಪಕ್ಷಪಾತ, ದ್ವೇಷ, ಮೋಹ, ಭಯ ಈ ನಾಲ್ಕಕ್ಕೂ ಒಳಗಾಗದವನಾಗಿರಬೇಕು. ಯಾರು ತೆಗೆದುಕೊಂಡರು, ಯಾರು ಇಲ್ಲ ಎಂಬ ಲೆಕ್ಕವೂ ಅವನಿಗೆ ತಿಳಿದಿರಬೇಕು. ಗುಟ್ಟಾಗಿ, ಕಿವಿಯಲ್ಲಿ ಹೇಳಿ, ಬಹಿರಂಗವಾಗಿ ಎಂಬ ಮೂರು ವಿಧಾನಗಳೂ ಇದ್ದವು. ಮಾತು ಬೆಳೆದು ಬೆಳೆದು ಯಾರು ಏನು ಹೇಳಿದರೆಂಬುದೇ ತಿಳಿಯದಾದಾಗ ವಿಷಯವನ್ನು ಸಣ್ಣ ಉಪಸಮಿತಿಗೆ ಒಪ್ಪಿಸಬೇಕೆಂಬ ನಿಯಮವೂ ಇದೆ. ನಮ್ಮ ಸಭೆಗಳನ್ನು ಕಣ್ಣಾರೆ ಕಂಡೇ ಬರೆದಿರಬೇಕೆಂದು ಓದುವಾಗ ನಗು ಬರುತ್ತದೆ.

ಇವೆಲ್ಲ ಸಭೆ ನಡೆಸುವವರಿಗೆ ಸಂಬಂಧಿಸಿದ್ದು. ಮಾತಾಡುವವನಿಗೆ ಏನು ಹೇಳಿದ್ದಾರೆ? ಇನ್ನೊಬ್ಬನ ತಪ್ಪನ್ನು ಎತ್ತಿ ಹೇಳಬೇಕಾದ ಭಿಕ್ಷು ಮೊದಲು ಅವನ ಅನುಮತಿ ಕೇಳಬೇಕು. ಅದಕ್ಕೂ ಮೊದಲು ತನ್ನೊಳಗೆ ಐದನ್ನು ಗಟ್ಟಿಮಾಡಿಕೊಳ್ಳಬೇಕು: ತಕ್ಕ ಹೊತ್ತಿನಲ್ಲಿ ಆಡುತ್ತೇನೆ, ನಡೆದದ್ದನ್ನೇ ಆಡುತ್ತೇನೆ, ಮೆದುವಾಗಿ ಆಡುತ್ತೇನೆ, ಪ್ರಯೋಜನವಿರುವುದನ್ನು ಆಡುತ್ತೇನೆ, ಸ್ನೇಹದ ಮನಸ್ಸಿನಿಂದ ಆಡುತ್ತೇನೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ನಮ್ಮ ಗಾದೆಯನ್ನು ಐದು ಮೆಟ್ಟಿಲಾಗಿ ಕಡಿದಂತಿದೆ.

ಸಂವಿಧಾನ ಸಭೆಯಲ್ಲಿ 1949ರ ನವೆಂಬರ್ 25ರಂದು ಡಾ. ಅಂಬೇಡ್ಕರರು ತಮ್ಮ ಪ್ರಸಿದ್ಧ ಭಾಷಣದಲ್ಲಿ ಇದನ್ನೇ ನೆನಪಿಸಿದರು. ಸೂಚನೆ, ನಿರ್ಣಯ, ಕೋರಂ, ಮತಗಣನೆ ಮೊದಲಾದ ಸಂಸದೀಯ ನಿಯಮಗಳನ್ನು ಭಿಕ್ಷುಸಂಘಗಳು ಬಲ್ಲವು, ಪಾಲಿಸುತ್ತಲೂ ಇದ್ದವು ಎಂದು ಅವರು ಹೇಳಿದರು. ಭಾರತಕ್ಕೆ ಪ್ರಜಾಪ್ರಭುತ್ವ ಹೊಸದಲ್ಲ, ಆದರೆ ಒಮ್ಮೆ ಅದನ್ನು ಕಳೆದುಕೊಂಡೆವು ಎಂಬ ಎಚ್ಚರಿಕೆಯೂ ಆ ಮಾತಿನ ಜೊತೆಗಿತ್ತು.

ಕನ್ನಡ ನಾಡೂ ಈ ಪರಂಪರೆಗೆ ಹೊರತಲ್ಲ. ಮಸ್ಕಿ, ಬ್ರಹ್ಮಗಿರಿಗಳ ಅಶೋಕ ಶಾಸನಗಳೂ ಭೀಮಾ ತೀರದ ಸನ್ನತಿಯ ಸ್ತೂಪವೂ ನಮ್ಮಲ್ಲಿವೆ. ಆದರೆ ಸಭೆ ಎಂದೊಡನೆ ಕನ್ನಡಿಗರಿಗೆ ಮೊದಲು ನೆನಪಾಗುವುದು 12ನೆಯ ಶತಮಾನದ ಕಲ್ಯಾಣ. ಅನುಭವ ಮಂಟಪದ ಗೋಷ್ಠಿಯ ಚಿತ್ರ ನಮಗೆ ವಿಸ್ತಾರವಾಗಿ ದೊರೆಯುವುದು ಶೂನ್ಯಸಂಪಾದನೆಯಲ್ಲಿ. ಶರಣರ ಕಾಲದ ಸುಮಾರು ಮುನ್ನೂರು ವರ್ಷಗಳ ತರುವಾಯ ವಚನಗಳನ್ನು ಸಂವಾದರೂಪದಲ್ಲಿ ಜೋಡಿಸಿದ ಗ್ರಂಥ ಅದು. ಆದ್ದರಿಂದ ಅದನ್ನು ಅಂದಿನ ಸಭೆಯ ವರದಿಯೆಂದು ಓದಲಾಗದು. ಆದರೂ ಒಳ್ಳೆಯ ಚರ್ಚೆ ಹೇಗಿರಬೇಕೆಂದು ಕನ್ನಡ ಮನಸ್ಸು ಕಲ್ಪಿಸಿಕೊಂಡಿತೆಂಬುದಕ್ಕೆ ಅದಕ್ಕಿಂತ ಮಿಗಿಲಾದ ಸಾಕ್ಷಿ ಬೇಡ.

ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭು ಆಕೆಯನ್ನು ಕಠಿಣವಾಗಿ ಪ್ರಶ್ನಿಸುತ್ತಾನೆ. ಆಕೆ ಅಳುಕದೆ ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ಪ್ರಶ್ನೆ ಮೃದುವಾಗಿಲ್ಲ. ಆದರೆ ಉತ್ತರ ಸಮರ್ಪಕವೆಂದು ಕಂಡಾಗ ಪ್ರಶ್ನಿಸಿದವನೇ ಮೊದಲಿಗನಾಗಿ ಆಕೆಯ ಹಿರಿಮೆಯನ್ನು ಒಪ್ಪುತ್ತಾನೆ. ನಮ್ಮ ಸಭೆಗಳಲ್ಲಿ ಕಠಿಣ ಪ್ರಶ್ನೆ ಕೇಳುವವರಿಗೆ ಕೊರತೆಯಿಲ್ಲ. ಉತ್ತರ ಬಂದ ಮೇಲೆ "ಸರಿ, ಒಪ್ಪಿದೆ" ಎನ್ನುವವರು ಕಡಿಮೆ. ಆಯ್ದಕ್ಕಿ ಮಾರಯ್ಯನ ಪ್ರಸಂಗವೂ ಹಾಗೆಯೇ. ಗಂಡ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ತಪ್ಪೆಂದು ತಿದ್ದಿದವಳು ಹೆಂಡತಿ ಲಕ್ಕಮ್ಮ. ಮಾರಯ್ಯ ಆ ಮಾತನ್ನು ಕೇಳಿದ. ಹಿಂದಿನ ಸಾಲಿನ ಮಾತಿಗೆ ಬೆಲೆ ಕೊಡುವುದು ನಮಗೆ ಹೊಸ ಪಾಠವೇನಲ್ಲ, ಮರೆತ ಪಾಠ.

ಇತ್ತೀಚಿನ ಇತಿಹಾಸಕ್ಕೆ ಬಂದರೆ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಇದೆ. ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಅದನ್ನು ಆರಂಭಿಸಿದರು. ದಸರೆಯ ಕಾಲಕ್ಕೆ ಸೇರಿದ ಮೊದಲ ಸಭೆಯಲ್ಲಿ 144 ಮಂದಿ ಇದ್ದರು. ಹೆಚ್ಚಿನವರು ಭೂಹಿಡುವಳಿದಾರರು, ವರ್ತಕರು. ಅವರಿಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ದಿವಾನರ ವರದಿ ಕೇಳಿ ತಮ್ಮ ಸೀಮೆಯ ಅಹವಾಲು ಹೇಳಿಕೊಳ್ಳುವುದಷ್ಟೇ ಕೆಲಸ. ಇದೆಂಥ ಸಭೆ ಎಂದು ಹಗುರವಾಗಿ ಕಾಣಬಹುದಿತ್ತು. ಆದರೆ ಹೇಳಿದ ಅಹವಾಲೂ ಅದಕ್ಕೆ ಕೊಟ್ಟ ಉತ್ತರವೂ ವರದಿಗಳಲ್ಲಿ ಅಚ್ಚಾದವು. ಬರಹದಲ್ಲಿ ನಿಂತ ಮಾತನ್ನು ಮುಂದಿನ ವರ್ಷ ಮತ್ತೆ ಎತ್ತಿ ಕೇಳಬಹುದು. 1891ರಲ್ಲಿ ಚುನಾವಣೆ ಬಂತು, 1923ರ ಕಾನೂನಿನಿಂದ ಸಭೆಗೆ ಶಾಸನಬದ್ಧ ಸ್ಥಾನ ದೊರೆಯಿತು. ಕೇಳುವ ಹಕ್ಕಷ್ಟೇ ಇದ್ದವರು ಬಿಡದೆ ಕೇಳುತ್ತ ಬಂದುದರ ಪಾಲೂ ಆ ಬೆಳವಣಿಗೆಯಲ್ಲಿದೆ.

ನಮ್ಮ ಆಂಧ್ರದ ವಿಜಯವಾಡದಲ್ಲಿಯೂ ಒಂದು ಪಾಠವಿದೆ. ಆಗ ಬೆಜವಾಡ ಎನ್ನುತ್ತಿದ್ದ ಆ ಊರಿನಲ್ಲಿ 1921ರ ಮಾರ್ಚ್ ಕೊನೆಗೆ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿತು. ಗಾಂಧೀಜಿ ಬಂದಿದ್ದರು. ದೇಶದ ದೊಡ್ಡ ಆಸೆಯನ್ನು ಆ ಸಭೆ ಮೂರು ಅಂಕೆಗಳಿಗೆ ಇಳಿಸಿತು: ತಿಲಕ್ ಸ್ವರಾಜ್ಯ ನಿಧಿಗೆ ಒಂದು ಕೋಟಿ ರೂಪಾಯಿ, ಕಾಂಗ್ರೆಸ್ಸಿಗೆ ಒಂದು ಕೋಟಿ ಸದಸ್ಯರು, ಮನೆಮನೆಗಳಲ್ಲಿ 20 ಲಕ್ಷ ಚರಕ. ಎಷ್ಟು ಎಂಬುದು ಗೊತ್ತಾದಾಗ ಊರಿಗೆ ಮರಳಿದವನಿಗೆ ಮಾಡಬೇಕಾದ ಕೆಲಸ ಕಾಣುತ್ತದೆ. "ಕನ್ನಡ ಉಳಿಸೋಣ" ಎಂಬ ನಮ್ಮ ನಿರ್ಣಯಗಳಲ್ಲಿ ಎಷ್ಟು ಮಕ್ಕಳು, ಯಾವ ವಾರ, ಯಾರ ಮನೆ ಎಂಬುದೇ ಇರುವುದಿಲ್ಲ.

ಬಂಧುಗಳೇ, ಇಷ್ಟನ್ನು ನಮ್ಮ ಮುಂದಿನ ಸಭೆಗೆ ಒಯ್ಯೋಣ. ಸೂಚನೆಯನ್ನು ಎರಡು ಸಾಲಿನಲ್ಲಿ ಬರೆದು ಓದೋಣ. ಒಪ್ಪಿಗೆಯನ್ನು ಮೂರು ಸಲ ಕೇಳೋಣ, ಪ್ರತಿ ಸಲವೂ ಕಾಯೋಣ. ಪಾಳಿಯ ಕೆಲಸದಿಂದ ಬರಲಾಗದವರ ಅಭಿಪ್ರಾಯವನ್ನು ಮೊದಲೇ ತರಿಸೋಣ. ಮಾತಿಗೆ ಏಳುವ ಮುನ್ನ ಆ ಐದನ್ನು ನೆನೆಯೋಣ. ಸುಮ್ಮನೆ ಕೂಡುವವರಿಗೂ ಒಂದು ಮಾತು: ಒಪ್ಪದಿದ್ದಾಗ ಆಡದೆ ಉಳಿದು, ಮನೆಗೆ ಹೋಗಿ ಆಡಿಕೊಂಡರೆ ಸಂಘಕ್ಕೂ ಲಾಭವಿಲ್ಲ, ನಮಗೂ ಇಲ್ಲ.

ಕೊನೆಗೆ ವಿನಯಪಿಟಕದ ಇನ್ನೊಂದು ನಿಯಮ. ಎರಡು ಪಂಗಡಗಳು ಪರಸ್ಪರ ಬಿರುಸಾಗಿ ಆಡಿಬಿಟ್ಟಾಗ, ಒಂದೊಂದನ್ನೂ ಮತ್ತೆ ಕೆದಕಿದರೆ ಒಡಕು ಹೆಚ್ಚುತ್ತದೆ ಎನಿಸಿದಾಗ, ಎಲ್ಲರೂ ಒಟ್ಟಿಗೆ ಸೇರುತ್ತಿದ್ದರು. ಎರಡೂ ಕಡೆಯಿಂದ ಒಬ್ಬೊಬ್ಬರು ತಮ್ಮವರೆಲ್ಲರ ಪರವಾಗಿ ತಪ್ಪನ್ನು ಒಪ್ಪಿಕೊಂಡು ಅಲ್ಲಿಗೇ ಮುಗಿಸುತ್ತಿದ್ದರು. ಘೋರ ಅಪರಾಧಗಳಿಗೆ ಈ ವಿನಾಯಿತಿ ಇರಲಿಲ್ಲ. ಇದಕ್ಕೆ ಅವರಿಟ್ಟ ಹೆಸರಿನ ಅರ್ಥ, ಹುಲ್ಲು ಹೊದಿಸುವುದು. ತರಗತಿ ಯಾರಿಂದ ನಿಂತಿತೆಂಬ ಮಾತಿನ ಮೇಲೆ ನಾವೂ ಹುಲ್ಲು ಹೊದಿಸೋಣ. ಮುಂದಿನ ಸಭೆಯಲ್ಲಿ ತರಗತಿಯ ವಿಷಯ ಮತ್ತೆ ಬರಲಿದೆ. ಈ ಸಲ ಮೊದಲ ಮಾತು ಹಿಂದಿನ ಸಾಲಿನಿಂದ ಬರಲಿ. ನಾವು ಕೇಳಿಸಿಕೊಳ್ಳಲು ಸಿದ್ಧರಾಗಿ ಬರುತ್ತೇವೆ.