ಮಾಲೀಕರ ಆಟಗಾರ, ಮಾಲೀಕರ ದನಿ: ಬೇಸ್‌ಬಾಲ್ ಅಭಿಮಾನಿಯ ಎರಡು ಹಳೆಯ ದೂರುಗಳು

ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳ ದೂರುಗಳಲ್ಲಿ ಎರಡು ಬಹಳ ಹಳೆಯವು. ಮೆಚ್ಚಿನ ಆಟಗಾರನನ್ನು ಮಾಲೀಕರು ಬೇರೆ ಊರಿನ ತಂಡಕ್ಕೆ ಅಗ್ಗವಾಗಿ ಬಿಟ್ಟುಕೊಟ್ಟರು ಎಂಬುದು ಒಂದು. ವೀಕ್ಷಕ ವಿವರಣೆಗಾರ ಆಟವನ್ನು ಇದ್ದಂತೆ ಹೇಳುವುದಿಲ್ಲ ಎಂಬುದು ಇನ್ನೊಂದು. ಎರಡಕ್ಕೂ ಬೇರು ಒಂದೇ. ಆಟಗಾರನ ಕರಾರು ಬಹುಕಾಲ ತಂಡದ ಮಾಲೀಕರ ಹಿಡಿತದಲ್ಲಿತ್ತು, ವಿವರಣೆಗಾರನ ಕೆಲಸವೂ ಹೆಚ್ಚುಕಡಿಮೆ ಅವರ ಮರ್ಜಿಯಲ್ಲೇ ಇತ್ತು. ಟಿಕೆಟ್ ಕೊಂಡು ಬಂದವರನ್ನು ಎರಡರಲ್ಲೂ ಯಾರೂ ಕೇಳಲಿಲ್ಲ.

1879ರಲ್ಲಿ ನ್ಯಾಷನಲ್ ಲೀಗಿನ ಮಾಲೀಕರು ತಂಡಕ್ಕೆ ಐವರಂತೆ ಆಟಗಾರರನ್ನು ಕಾಯ್ದಿರಿಸಿಕೊಳ್ಳಲು ಒಪ್ಪಿಕೊಂಡರು. ಒಬ್ಬರ ಐವರಿಗೆ ಇನ್ನೊಬ್ಬರು ಗಾಳ ಹಾಕುವಂತಿರಲಿಲ್ಲ. ನಿಯಮ ಕ್ರಮೇಣ ಎಲ್ಲ ಆಟಗಾರರಿಗೂ ಹಬ್ಬಿತು. ಹಾಗೆ ಕಟ್ಟುಬಿದ್ದವನನ್ನು ಮಾಲೀಕ ಮಾರಬಹುದಿತ್ತು, ಮತ್ತೊಬ್ಬನಿಗೆ ಬದಲಾಗಿ ಕೊಡಲೂಬಹುದಿತ್ತು. ‘ಟ್ರೇಡ್’ ಎಂಬ ವ್ಯವಹಾರ ಬೆಳೆದದ್ದು ಈ ನೆಲದಲ್ಲಿ. ಬಾಸ್ಟನ್ ರೆಡ್ ಸಾಕ್ಸ್ ಮಾಲೀಕ ಹ್ಯಾರಿ ಫ್ರೇಜಿ ಬೇಬ್ ರೂಥ್‌ನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿದ ಸುದ್ದಿ 1920ರ ಜನವರಿಯಲ್ಲಿ ಹೊರಬಿತ್ತು. 1918ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿದ್ದ ಬಾಸ್ಟನ್, ಮತ್ತೆ ಗೆದ್ದದ್ದು 2004ರಲ್ಲಿ.

ಅಭಿಮಾನಿಗಳ ಕೂಗು ನಿಯಮವನ್ನೇ ಬದಲಿಸಿದ್ದೂ ಉಂಟು. 1922ರ ಜುಲೈ ಕೊನೆಯಲ್ಲಿ ಯಾಂಕೀಸ್ ಮತ್ತೆ ಬಾಸ್ಟನ್‌ನಿಂದಲೇ ಜೋ ಡುಗನ್‌ನನ್ನು ತಂದುಕೊಂಡಿತು. ಯಾಂಕೀಸ್ ಜತೆ ಅಗ್ರಸ್ಥಾನಕ್ಕೆ ಸೆಣಸುತ್ತಿದ್ದ ಸೇಂಟ್ ಲೂಯಿಸ್ ಬ್ರೌನ್ಸ್ ಕೊನೆಗೆ ಒಂದೇ ಪಂದ್ಯದ ಅಂತರದಲ್ಲಿ ಹಿಂದೆ ಬಿತ್ತು. ಹಣವಿರುವ ತಂಡ ಋತುವಿನ ನಡುವೆ ಗೆಲುವನ್ನು ಕೊಳ್ಳುತ್ತಿದೆ ಎಂದು ಸೇಂಟ್ ಲೂಯಿಸ್ ಕೆರಳಿತು. ಮರುವರ್ಷದಿಂದ ಜೂನ್ 15 ಟ್ರೇಡಿನ ಕೊನೆಯ ದಿನವಾಯಿತು; 1986ರಲ್ಲಿ ಜುಲೈ 31ಕ್ಕೆ ಸರಿಯುವವರೆಗೆ ಅದೇ ನಡೆಯಿತು.

ಅಷ್ಟರಲ್ಲಿ ರೇಡಿಯೊ ಬಂದಿತ್ತು. 1921ರ ಆಗಸ್ಟ್ 5ರಂದು ಪಿಟ್ಸ್‌ಬರ್ಗ್‌ನಿಂದ ಹೆರಾಲ್ಡ್ ಆರ್ಲಿನ್ ಮೊದಲ ಪಂದ್ಯದ ಪ್ರಸಾರ ಮಾಡಿದ. ಪ್ರಸಾರದೊಂದಿಗೇ ಟೀಕೆಯೂ ಹುಟ್ಟಿತು. 1923ರ ವರ್ಲ್ಡ್ ಸೀರೀಸ್‌ನಿಂದ ಮನೆಮಾತಾದ ಗ್ರಹಾಂ ಮೆಕ್‌ನಾಮಿ ಮೂಲತಃ ಗಾಯಕ. ಅವನ ಉತ್ಸಾಹ ಕೇಳುಗರನ್ನು ಹಿಡಿದು ಕೂರಿಸುತ್ತಿತ್ತು, ಆದರೆ ಮೈದಾನದಲ್ಲಿ ನಡೆದ ಆಟವೇ ಬೇರೆ, ಮೆಕ್‌ನಾಮಿ ಬಣ್ಣಿಸಿದ ಆಟವೇ ಬೇರೆ ಎಂದು ಲೇಖಕ ರಿಂಗ್ ಲಾರ್ಡ್‌ನರ್ ಹಂಗಿಸಿದ.

ಟ್ರೇಡ್ ಮತ್ತು ಪ್ರಸಾರ ಎರಡೂ ಒಂದೇ ಯಜಮಾನಿಕೆಯ ಭಾಗವಾಗಿದ್ದವು ಎಂಬುದಕ್ಕೆ 1948ರ ಘಟನೆಗಿಂತ ಸ್ಪಷ್ಟವಾದ ಸಾಕ್ಷಿ ಬೇಡ. ಬ್ರೂಕ್ಲಿನ್ ಡಾಜರ್ಸ್‌ನ ವಿವರಣೆಗಾರ ರೆಡ್ ಬಾರ್ಬರ್ ಹೊಟ್ಟೆಯ ಹುಣ್ಣಿನಿಂದ ಮಲಗಿದಾಗ, ತಂಡದ ಮುಖ್ಯಸ್ಥ ಬ್ರಾಂಚ್ ರಿಕಿ ಅಟ್ಲಾಂಟಾ ಕ್ರ್ಯಾಕರ್ಸ್‌ನಿಂದ ಎರ್ನಿ ಹಾರ್ವೆಲ್‌ನನ್ನು ಕರೆಸಿಕೊಂಡ. ವಿವರಣೆಗಾರನಿಗೆ ಬದಲಾಗಿ ಅಟ್ಲಾಂಟಾಗೆ ಸಿಕ್ಕಿದ್ದು ಕ್ಲಿಫ್ ಡ್ಯಾಪರ್ ಎಂಬ ಕ್ಯಾಚರ್.

ಬಾರ್ಬರ್‌ನ ಮುಂದಿನ ಕಥೆ ಇನ್ನೂ ಕಹಿಯಾದದ್ದು. 1966ರ ಸೆಪ್ಟೆಂಬರ್ 22ರಂದು, ಅಂಕಪಟ್ಟಿಯ ತಳ ಸೇರಿದ್ದ ಯಾಂಕೀಸ್‌ನ ಆಟ ನೋಡಲು ವಿಶಾಲವಾದ ಯಾಂಕೀ ಸ್ಟೇಡಿಯಂಗೆ ಬಂದವರು 413 ಮಂದಿ. ಖಾಲಿ ಆಸನಗಳನ್ನು ತೋರಿಸಿ ಎಂದು ಆಗ ಯಾಂಕೀಸ್‌ನ ವಿವರಣೆಗಾರನಾಗಿದ್ದ ಬಾರ್ಬರ್ ಕೇಳಿದ, ಕ್ಯಾಮೆರಾ ತಿರುಗಲಿಲ್ಲ. ಇವತ್ತಿನ ನಿಜವಾದ ಸುದ್ದಿ ಪಂದ್ಯವಲ್ಲ, ಈ ಖಾಲಿತನ ಎಂದು ಅವನು ಪ್ರಸಾರದಲ್ಲೇ ಹೇಳಿದ. ಕರಾರು ನವೀಕರಣವಾಗುವುದಿಲ್ಲ ಎಂಬ ಮಾತು ಕೆಲವೇ ದಿನಗಳಲ್ಲಿ ಅವನ ಕಿವಿಗೆ ಬಿತ್ತು. ಕಂಡದ್ದನ್ನು ಹೇಳಿದವನ ಗತಿ ಹೀಗಾದರೆ, ಉಳಿದವರ ಸಪ್ಪೆ ಮಾತಿಗೆ ಕಾರಣ ಹುಡುಕಬೇಕಾಗಿಲ್ಲ.

ಟ್ರೇಡುಗಳಲ್ಲಿ ಚಿಕಾಗೊ ಇಂದಿಗೂ ಮರೆಯದ್ದು 1964ರ ಜೂನ್ 15ರದ್ದು. ಕಬ್ಸ್ ತಂಡ ಲೂ ಬ್ರಾಕ್‌ನನ್ನು ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಕೊಟ್ಟು ಪಿಚರ್ ಎರ್ನಿ ಬ್ರಾಗ್ಲಿಯೊನನ್ನು ಪಡೆಯಿತು. ಹಿಂದಿನ ವರ್ಷ 18 ಪಂದ್ಯ ಗೆದ್ದಿದ್ದ ಬ್ರಾಗ್ಲಿಯೊ ಬಂದದ್ದಕ್ಕೆ ಚಿಕಾಗೊದ ಪತ್ರಿಕೆಗಳು ಹಿಗ್ಗಿದವು. ಅವನು ಕಬ್ಸ್‌ಗೆ ಒಟ್ಟು ಗೆದ್ದುಕೊಟ್ಟದ್ದು ಏಳೇ ಪಂದ್ಯ. ಬ್ರಾಕ್ ಆ ವರ್ಷ ಕಾರ್ಡಿನಲ್ಸ್ ಪರ .348 ಸರಾಸರಿಯಲ್ಲಿ ಬ್ಯಾಟ್ ಮಾಡಿದ, ತಂಡ ವರ್ಲ್ಡ್ ಸೀರೀಸ್ ಗೆದ್ದಿತು. ನಿವೃತ್ತನಾಗುವಾಗ ಅವನು ಕದ್ದ ಬೇಸ್‌ಗಳು 938.

ಅಭಿಮಾನಿ ಬೇಸರ ತೋಡಿಕೊಂಡರೆ, ಊರು ಬಿಡಬೇಕಾದವನು ಆಟಗಾರ. 1969ರ ಅಕ್ಟೋಬರ್‌ನಲ್ಲಿ, 12 ಋತು ಸೇಂಟ್ ಲೂಯಿಸ್‌ಗೆ ಆಡಿದ್ದ ಕರ್ಟ್ ಫ್ಲಡ್‌ನನ್ನು ಫಿಲಡೆಲ್ಫಿಯಾಗೆ ಕಳಿಸಿದಾಗ ಅವನು ಹೋಗಲೊಪ್ಪದೆ ನ್ಯಾಯಾಲಯಕ್ಕೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟ್ 5-3ರಿಂದ ಅವನ ವಿರುದ್ಧ ತೀರ್ಪಿತ್ತಿತು. ಆದರೂ ದಾರಿ ತೆರೆದಿತ್ತು. 1975ರ ಡಿಸೆಂಬರ್‌ನಲ್ಲಿ ಮಧ್ಯಸ್ಥ ಪೀಟರ್ ಸೈಟ್ಜ್ ಕೊಟ್ಟ ತೀರ್ಮಾನದಿಂದ ಹಳೆಯ ಕಟ್ಟು ಮುರಿಯಿತು.

ಫ್ಲಡ್‌ನಿದ್ದ ಟ್ರೇಡಿನಲ್ಲೇ ಇನ್ನೊಬ್ಬನಿದ್ದ: ಕ್ಯಾಚರ್ ಟಿಮ್ ಮೆಕಾರ್ವರ್. ಮುಂದೆ ದೇಶದ ಪ್ರಮುಖ ಟಿವಿ ವಿಶ್ಲೇಷಕನಾದ ಅವನನ್ನು, ಕಣ್ಣೆದುರಿನ ಸಂಗತಿಯನ್ನೇ ಎಳೆದೆಳೆದು ವಿವರಿಸುತ್ತಾನೆ ಎಂದು ಎಷ್ಟೋ ಮಂದಿ ದೂರಿದರು. 1971ರಲ್ಲಿ ಹೂಸ್ಟನ್ ಟ್ರೇಡಿನಲ್ಲಿ ಬಿಟ್ಟುಕೊಟ್ಟ ಜೋ ಮಾರ್ಗನ್ ಸಿನ್ಸಿನಾಟಿಯಲ್ಲಿ 1975 ಮತ್ತು 1976ರ ಎಂವಿಪಿ (ಅತ್ಯಮೂಲ್ಯ ಆಟಗಾರ) ಆದ. 1990ರಿಂದ 2010ರವರೆಗೆ ಇಎಸ್‌ಪಿಎನ್‌ನ ಭಾನುವಾರದ ಪಂದ್ಯಗಳ ವಿಶ್ಲೇಷಕನಾಗಿದ್ದ. ಡೆಟ್ರಾಯಿಟ್ 1987ರಲ್ಲಿ ಡಾಯ್ಲ್ ಅಲೆಕ್ಸಾಂಡರ್‌ಗಾಗಿ ಬಿಟ್ಟುಕೊಟ್ಟ ಜಾನ್ ಸ್ಮೋಲ್ಟ್ಜ್ ಇಂದು ಫಾಕ್ಸ್ ವಾಹಿನಿಯ ವಿಶ್ಲೇಷಕ. ವಿಶ್ಲೇಷಕನ ಕುರ್ಚಿ ಹೀಗೆ ಮಾಜಿ ತಾರೆಯರದಾಯಿತು. ಅದೇ ಕಾಲದಲ್ಲಿ ಅಭಿಮಾನಿಯೂ ಬದಲಾದ. 1977ರಲ್ಲಿ ಬಿಲ್ ಜೇಮ್ಸ್ ತನ್ನ ಮೊದಲ ‘ಬೇಸ್‌ಬಾಲ್ ಅಬ್‌ಸ್ಟ್ರ್ಯಾಕ್ಟ್’ ಹೊರತಂದ ಮೇಲೆ, ಆಟವನ್ನು ಅಂಕಿಗಳಲ್ಲಿ ಅಳೆಯುವುದು ಸಾಮಾನ್ಯ ಓದುಗನಿಗೂ ಕರಗತವಾಯಿತು. 2003ರ ‘ಮನಿಬಾಲ್’ ಪುಸ್ತಕದ ವಿಚಾರವನ್ನು ಮಾರ್ಗನ್ ತಳ್ಳಿಹಾಕಿದಾಗ ಟೀಕೆ ತೀವ್ರವಾದದ್ದು ಇದೇ ಕಾರಣಕ್ಕೆ. ಬೇಸ್ ತಲುಪುವ ಪ್ರಮಾಣವನ್ನು ಎತ್ತಿಹಿಡಿದ ಪುಸ್ತಕ ಅದು; ಮಾರ್ಗನ್‌ನ ಸ್ವಂತ ಶ್ರೇಷ್ಠತೆ ನಿಂತದ್ದೂ ಅದೇ ಗುಣದ ಮೇಲೆ.

ಸೈಟ್ಜ್ ತೀರ್ಮಾನದ ನಂತರ ಟ್ರೇಡ್ ನಿಲ್ಲಲಿಲ್ಲ, ಅದರ ಕಾರಣ ಬದಲಾಯಿತು. ಕರಾರು ಮುಗಿದರೆ ಆಟಗಾರ ತನ್ನನ್ನು ಬರಿಗೈಯಲ್ಲಿ ಬಿಟ್ಟುಹೋದಾನೆಂಬ ಭಯ ಈಗ ತಂಡದ್ದು. 2018ರ ಎಂವಿಪಿ ಮೂಕಿ ಬೆಟ್ಸ್‌ನನ್ನು ಕರಾರಿನ ಕೊನೆಯ ವರ್ಷದಲ್ಲಿ, 2020ರ ಫೆಬ್ರವರಿಯಲ್ಲಿ, ಬಾಸ್ಟನ್ ಲಾಸ್ ಏಂಜಲೀಸ್ ಡಾಜರ್ಸ್‌ಗೆ ಕಳಿಸಿತು. ಸರಿಯಾಗಿ ನೂರು ವರ್ಷದ ಹಿಂದಿನ ರೂಥ್ ಮಾರಾಟವನ್ನು ಊರು ನೆನೆಯಿತು. ಜುಲೈನಲ್ಲಿ ಬೆಟ್ಸ್ ಡಾಜರ್ಸ್ ಜತೆ 36.5 ಕೋಟಿ ಡಾಲರಿನ 12 ವರ್ಷದ ಕರಾರಿಗೆ ಸಹಿ ಹಾಕಿದ. ಅಕ್ಟೋಬರ್‌ನಲ್ಲಿ ಡಾಜರ್ಸ್ ವರ್ಲ್ಡ್ ಸೀರೀಸ್ ಗೆದ್ದಿತು.