ಎಣ್ಣೆಯ ಬಿಸಿ ಎಲ್ಲಿಗೆ ಹೋಗಬೇಕು? ಅಮೆರಿಕದ ಹಳೇ ಪಿಕಪ್ಪಿನ ಪುಟ್ಟ ಕೂಲರಿನ ಕಥೆ

ನಮ್ಮ ಕಡೆ ಪಿಕಪ್ಪು ಅಂದರೆ ಕೈಯಲ್ಲಿ ಗೇರ್ ಹಾಕೋ ಗಾಡಿ. ಕ್ಲಚ್ ಸವೆದರೆ ಪ್ಲೇಟ್ ಬದಲಾಯಿಸ್ತೀವಿ, ಗೇರ್‌ಬಾಕ್ಸ್ ಎಣ್ಣೆ ಕಡೆ ತಿರುಗಿ ನೋಡೋದೂ ಅಪರೂಪ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ರೈತರ ಪಿಕಪ್ಪುಗಳಲ್ಲಿ ಬಹುಪಾಲು ಆಟೋಮ್ಯಾಟಿಕ್ ಗೇರಿನವು. ಹುಲ್ಲಿನ ಟ್ರೈಲರ್ರು, ದನದ ಟ್ರೈಲರ್ರು ಎಳೆಯೋ ಹಳೇ ಪಿಕಪ್ಪಿನ ಮುಂದಿನ ಜಾಲರಿ ಒಳಗೆ ಇಣುಕಿದರೆ, ದೊಡ್ಡ ರೇಡಿಯೇಟರಿನ ಮುಂದೆ ಪುಸ್ತಕದಷ್ಟು ಅಗಲದ ಇನ್ನೊಂದು ಪುಟ್ಟ ರೇಡಿಯೇಟರು ಕಾಣಿಸೋದುಂಟು. ಅದು ಇಂಜಿನ್ನಿನದಲ್ಲ, ಗೇರ್‌ಬಾಕ್ಸ್ ಎಣ್ಣೆಯದು. ಎಷ್ಟೋ ಸಲ ಮಾಲೀಕನೇ ಆಮೇಲೆ ಹಾಕಿಸಿರ್ತಾನೆ.

ಅದು ಅಲ್ಲಿಗೆ ಹೇಗೆ ಬಂತು ಅನ್ನೋದನ್ನ ಇವತ್ತು ಬರೀತೀನಿ. ನಮಗ್ಯಾಕೆ ಈ ಕಥೆ ಅಂತೀರಾ? ನಮ್ಮ ಹೊಲಕ್ಕೆ ಬರೋ ಜೇಸೀಬಿ ಒಳಗೂ ಇದೇ ಎಣ್ಣೆ, ಇದೇ ಬಿಸಿ, ಇಂಥದೇ ಕೂಲರು ಇದೆ.

ಮೊದಲು ಈ ಬಿಸಿ ಹುಟ್ಟೋದು ಎಲ್ಲಿ ನೋಡೋಣ. 1905ರಲ್ಲಿ ಜರ್ಮನಿಯ ಹರ್ಮನ್ ಫೋಟಿಂಗರ್ ಅನ್ನೋ ಎಂಜಿನಿಯರು ಒಂದು ಪೇಟೆಂಟ್ ತಗೊಂಡರು. ಅವರ ತೊಂದರೆ ಹಡಗಿನದು. ಸ್ಟೀಮ್ ಟರ್ಬೈನು ಬಹಳ ಜೋರಾಗಿ ತಿರುಗುತ್ತೆ, ನೀರಿನಲ್ಲಿರೋ ಪ್ರೊಪೆಲ್ಲರು ನಿಧಾನಕ್ಕೆ ತಿರುಗಬೇಕು. ನಡುವೆ ಹಲ್ಲುಚಕ್ರದ ಬದಲು ದ್ರವ ಇಟ್ಟರು. ಎದುರುಬದುರು ಎರಡು ಫ್ಯಾನ್ ಇಟ್ಟು ಒಂದಕ್ಕೆ ಮಾತ್ರ ಕರೆಂಟ್ ಕೊಡಿ, ಅದರ ಗಾಳಿಗೆ ಇನ್ನೊಂದೂ ತಿರುಗುತ್ತೆ. ಅಷ್ಟೇ ತತ್ವ. ಗಾಳಿ ಜಾಗದಲ್ಲಿ ದ್ರವ.

ಆದರೆ ಎರಡನೇ ಫ್ಯಾನು ಮೊದಲನೆಯದರಷ್ಟೇ ಜೋರಾಗಿ ಯಾವತ್ತೂ ತಿರುಗೋದಿಲ್ಲ. ಸ್ವಲ್ಪ ಜಾರುತ್ತೆ. ಜಾರಿದ ಶಕ್ತಿ ಮಾಯ ಆಗೋಲ್ಲ, ಎಣ್ಣೆ ಬಿಸಿ ಆಗುತ್ತೆ. ಲೆಕ್ಕ ಹಾಕಿ: 100 ಎಚ್‌ಪಿ ಅಂದರೆ ಸುಮಾರು 75 ಕಿಲೋವ್ಯಾಟ್. ಅದರಲ್ಲಿ ನೂರಕ್ಕೆ ಹತ್ತು ಜಾರಿದರೂ ಏಳೂವರೆ ಕಿಲೋವ್ಯಾಟ್ ಎಣ್ಣೆಗೆ ಸೇರಿತು. ಮನೆಯ 2 ಕಿಲೋವ್ಯಾಟಿನ ಗೀಸರು ಹೆಚ್ಚುಕಡಿಮೆ ನಾಲ್ಕನ್ನ ಒಟ್ಟಿಗೆ ಹಾಕಿ ಕೆಲವೇ ಲೀಟರ್ ಎಣ್ಣೆ ಕಾಯಿಸಿದ ಹಾಗೆ. ಗಾಡಿ ಪೂರ್ತಿ ನಿಂತಿದ್ದು, ಚಕ್ರ ಅಲುಗದೆ ಇಂಜಿನ್ ಮಾತ್ರ ಎಳೀತಿದ್ದರೆ, ಆ ಶಕ್ತಿಯೆಲ್ಲಾ ಬಿಸಿಯೇ.

1939ರಲ್ಲಿ ಜನರಲ್ ಮೋಟರ್ಸ್ ಕಂಪನಿ 1940ರ ಮಾಡೆಲ್ ಓಲ್ಡ್ಸ್‌ಮೊಬೈಲ್ ಕಾರಿಗೆ ಹೈಡ್ರಾಮ್ಯಾಟಿಕ್ ಅನ್ನೋ ಗೇರ್‌ಬಾಕ್ಸ್ ತಂತು. ದೊಡ್ಡ ಸಂಖ್ಯೆಯಲ್ಲಿ ಮಾರಾಟವಾದ ಮೊದಲ ಪೂರ್ತಿ ಆಟೋಮ್ಯಾಟಿಕ್ ಅದೇ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಎಂ5 ಹಗುರ ಟ್ಯಾಂಕುಗಳಿಗೂ ಇದನ್ನೇ ಕೂರಿಸಿದರು. ಯುದ್ಧ ಮುಗಿದ ಮೇಲೆ, 1948ರಲ್ಲಿ ಬ್ಯೂಯಿಕ್ ಕಾರಿಗೆ ಟಾರ್ಕ್ ಕನ್ವರ್ಟರ್ ಇರೋ ಡೈನಾಫ್ಲೋ ಬಂತು. ಬೆಣ್ಣೆಯಂಥ ಓಟ. ಆ ನಯಕ್ಕೆ ತೆರಬೇಕಾದ ಬೆಲೆ ಜಾರಿಕೆ, ಜಾರಿಕೆಗೆ ತೆರಬೇಕಾದ ಬೆಲೆ ಬಿಸಿ.

ಪಿಕಪ್ಪಿಗೂ ಇದು ಬೇಗನೇ ಬಂತು. ಫೋರ್ಡ್ ಎಫ್‌-100ಕ್ಕೆ 1953ರಲ್ಲಿ, ಶೆವ್ರೊಲೆ ಪಿಕಪ್ಪಿಗೆ 1954ರಲ್ಲಿ ಬೇಕಾದವರು ಆಟೋಮ್ಯಾಟಿಕ್ ತಗೋಬಹುದಿತ್ತು. ಆ ಕಾಲದ ಕೆಲವು ಗೇರ್‌ಬಾಕ್ಸುಗಳನ್ನ ಬರೀ ಗಾಳಿಯಿಂದಲೇ ತಣಿಸ್ತಿದ್ದರು. ಭಾರ ಹೆಚ್ಚಿದ ಹಾಗೆ ಅದು ಸಾಲದಾಯ್ತು. ಆಮೇಲೆ ಗಟ್ಟಿಯಾಗಿ ನಿಂತ ಏರ್ಪಾಡು ಇದು: ಎಣ್ಣೆಯನ್ನ ಎರಡು ಸ್ಟೀಲ್ ಪೈಪಲ್ಲಿ ಮುಂದಕ್ಕೆ ತಂದು, ರೇಡಿಯೇಟರಿನ ತೊಟ್ಟಿಯೊಳಗೆ ಮುಳುಗಿಸಿದ ಕೊಳವೆಯಲ್ಲಿ ಹಾಯಿಸಿ, ವಾಪಸ್ ಗೇರ್‌ಬಾಕ್ಸಿಗೆ ಬಿಡೋದು. ಇಂಜಿನ್ನಿನ ನೀರೇ ಎಣ್ಣೆಯನ್ನೂ ತಣಿಸುತ್ತೆ.

ಜಾಣತನದ ಏರ್ಪಾಡೇ. ಹಿಮ ಬೀಳೋ ಬೆಳಿಗ್ಗೆ ಅದೇ ನೀರು ಎಣ್ಣೆಯನ್ನ ಬೇಗ ಬೆಚ್ಚಗೆ ಮಾಡುತ್ತೆ. ಆದರೆ ಒಂದು ಮಿತಿ ಇದೆ. ತಾನೇ ಬಿಸಿಯಾಗಿರೋ ನೀರು ಎಣ್ಣೆಯನ್ನ ತನಗಿಂತ ತಣ್ಣಗೆ ಮಾಡಲಾರದು. ಟ್ರೈಲರ್ ಕಟ್ಟಿ ದಿಬ್ಬ ಹತ್ತುವಾಗ ನೀರೂ ಬಿಸಿ, ಎಣ್ಣೆಯೂ ಬಿಸಿ, ಇಬ್ಬರಿಗೂ ಒಂದೇ ರೇಡಿಯೇಟರು. ಅಮೆರಿಕದ ಗೇರ್‌ಬಾಕ್ಸ್ ಮೆಕ್ಯಾನಿಕ್ಕುಗಳ ಹಳೇ ಲೆಕ್ಕ ಒಂದಿದೆ: ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ 11 ಡಿಗ್ರಿ ಏರಿಕೆಗೆ ಎಣ್ಣೆಯ ಆಯಸ್ಸು ಅರ್ಧಕ್ಕೆ ಇಳಿಯುತ್ತೆ. ಅಂದಾಜಿನ ಲೆಕ್ಕವೇ, ಆದರೆ ದಿಕ್ಕು ಸರಿ. ಎಣ್ಣೆ ಸುಟ್ಟರೆ ಕಪ್ಪಾಗುತ್ತೆ, ಕ್ಲಚ್ ಪ್ಲೇಟುಗಳು ಸೀದುಹೋಗ್ತವೆ, ರಬ್ಬರ್ ಸೀಲುಗಳು ಕಲ್ಲಾಗ್ತವೆ.

ಈ ಕಥೇಲಿ ಯಾರೂ ನಿರೀಕ್ಷಿಸದ ಒಂದು ಪ್ರಾಣಿಯೂ ಬರುತ್ತೆ: ತಿಮಿಂಗಿಲ. ಆ ಕಾಲದ ಆಟೋಮ್ಯಾಟಿಕ್ ಎಣ್ಣೆಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನ ಸ್ವಲ್ಪ ಸ್ವಲ್ಪ ಬೆರೆಸ್ತಿದ್ದರು. ಅದು ನಿಜವಾಗಿ ದ್ರವರೂಪದ ಮೇಣ. ಬಿಸಿಗೆ ಬೇಗ ಕೆಡೋದಿಲ್ಲ, ಪ್ಲೇಟುಗಳು ಜಗ್ಗದೆ ನಯವಾಗಿ ಹಿಡಿಯೋ ಹಾಗೆ ಮಾಡುತ್ತೆ. ಆದರೆ ಬೇಟೆಯಿಂದ ತಿಮಿಂಗಿಲಗಳು ಮುಗಿದುಹೋಗೋ ಹಂತಕ್ಕೆ ಬಂದಿದ್ದವು. 1970ರಲ್ಲಿ ಅಮೆರಿಕ ಅದನ್ನ ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು, 1973ರಲ್ಲಿ ಇನ್ನೂ ಬಿಗಿಯಾದ ಕಾಯಿದೆ ತಂತು. ಎಣ್ಣೆ ಕಂಪನಿಗಳು ಬೇರೆ ದಾರಿ ಹುಡುಕಬೇಕಾಯ್ತು.

ಅದೇ ದಶಕದಲ್ಲಿ ಹೊಗೆ ನಿಯಮಗಳಿಗಾಗಿ ಇಂಜಿನ್ನುಗಳನ್ನ ಹೆಚ್ಚು ಬಿಸಿಯಲ್ಲಿ ಓಡಿಸೋದೂ ಶುರುವಾಗಿತ್ತು. ರೇಡಿಯೇಟರ್ ನೀರು ಬಿಸಿ, ಅದರೊಳಗೆ ಹಾಯೋ ಎಣ್ಣೆಯೂ ಬಿಸಿ, ಎಣ್ಣೆಯೊಳಗಿನ ಹಳೇ ರಕ್ಷಕ ಇಲ್ಲ. ಮೊದಮೊದಲ ಬದಲಿ ಎಣ್ಣೆಗಳಲ್ಲಿ ಒಂದು, ರೇಡಿಯೇಟರ್ ಒಳಗಿನ ಕೂಲರಿನ ಬೆಸುಗೆಯನ್ನೇ ತಿನ್ನೋಕೆ ಹತ್ತಿ, ಅದನ್ನ ಮತ್ತೆ ತಿದ್ದಬೇಕಾಯ್ತು. ಹಾಗಂತ ತಿಮಿಂಗಿಲ ಕೊಲ್ಲೋದು ಬಿಟ್ಟಿದ್ದು ತಪ್ಪು ಅಂತ ಯಾರೂ ಅನ್ನೋ ಹಾಗಿಲ್ಲ. ಒಂದು ಪ್ರಾಣಿಯ ಮೇಲೆ ಹೊರಿಸಿದ್ದ ಭಾರವನ್ನ ಯಂತ್ರ ತಾನೇ ಹೊರೋದು ಕಲೀಬೇಕಾಯ್ತು, ಅಷ್ಟೇ.

ರೈತರಿಗೆ ಇಲ್ಲೊಂದು ಉಪಕಥೆ ಇದೆ. ಅರಿಜೋನಾ, ಮೆಕ್ಸಿಕೊ ಕಡೆಯ ಮರುಭೂಮಿಯಲ್ಲಿ ಹೊಹೋಬಾ ಅಂತ ಒಂದು ಪೊದೆ ಬೆಳೆಯುತ್ತೆ. ಅದರ ಬೀಜದ ಎಣ್ಣೆಯೂ ದ್ರವರೂಪದ ಮೇಣವೇ, ತಿಮಿಂಗಿಲದ ಎಣ್ಣೆಗೆ ಬಹಳ ಹತ್ತಿರ. ಇದೇ ಬದಲಿ ಅಂತ ನಂಬಿ ಅಲ್ಲಿ ಎಷ್ಟೋ ಜನ ತೋಟ ಹಾಕಿದರು. ನಮ್ಮ ರಾಜಸ್ಥಾನದಲ್ಲೂ ಬೆಳೆದಿದ್ದಾರೆ. ಕೊನೆಗೆ ಗೇರ್‌ಬಾಕ್ಸಿನ ಜಾಗವನ್ನ ಕಾರ್ಖಾನೆಯ ಅಗ್ಗದ ರಾಸಾಯನಿಕಗಳೇ ಹಿಡಿದವು, ಹೊಹೋಬಾ ಹೆಚ್ಚಾಗಿ ಸೋಪು, ಕ್ರೀಮಿನ ಕಡೆ ಹೋಯ್ತು. ಒಂದೇ ಕೊಳ್ಳುಗನನ್ನ ನಂಬಿ ಬೆಳೆ ಹಾಕೋ ಕಷ್ಟ ನಮಗೇನು ಹೊಸದಲ್ಲ.

ಇಂಥ ಕಾಲದಲ್ಲೇ ಹೊರಗಿನ ಕೂಲರ್ ಮನೆಮಾತಾಯ್ತು. ಟ್ರೈಲರ್ ಎಳೆಯೋರು ರೇಡಿಯೇಟರಿನ ಮುಂದೆ, ಗಾಳಿ ನೇರ ಬಡಿಯೋ ಜಾಗದಲ್ಲಿ, ಎಣ್ಣೆಗೇ ಬೇರೆ ಕೂಲರ್ ಹಾಕಿಸಿಕೊಂಡರು. 1980ರ ದಶಕದಲ್ಲಿ ಓವರ್‌ಡ್ರೈವ್ ಇರೋ ನಾಲ್ಕು ಗೇರಿನ ಆಟೋಮ್ಯಾಟಿಕ್ಕುಗಳು ಬಂದ ಮೇಲೆ ಬೇಡಿಕೆ ಇನ್ನೂ ಹೆಚ್ಚಿತು. ಭಾರ ಎಳೆಯುವಾಗ ಅವು ಮೂರು, ನಾಲ್ಕರ ನಡುವೆ ಮತ್ತೆ ಮತ್ತೆ ಗೇರ್ ಬದಲಾಯಿಸ್ತಾ ಇರ್ತಿದ್ದವು. ಪ್ರತಿ ಬದಲಾವಣೆಗೂ ಒಂದಿಷ್ಟು ಬಿಸಿ.

ಹಾಕೋ ಕ್ರಮದಲ್ಲೂ ಅನುಭವ ಸೇರಿದೆ. ಎಣ್ಣೆ ಮೊದಲು ರೇಡಿಯೇಟರ್ ಒಳಗಿನ ಕೊಳವೆಗೆ, ಆಮೇಲೆ ಹೊರಗಿನ ಕೂಲರಿಗೆ, ಅಲ್ಲಿಂದ ಗೇರ್‌ಬಾಕ್ಸಿಗೆ. ಹೀಗಾದರೆ ಕೊನೇ ತಣಿಸುವಿಕೆ ಗಾಳಿಯದು. ವಾಪಸ್ ಬರೋ ಪೈಪು ಯಾವುದು ಅಂತ ಮೊದಲು ಖಾತ್ರಿ ಮಾಡ್ಕೋಬೇಕು. ಬಿಸಿ ಎಣ್ಣೆಗೆ ತಕ್ಕ ಹೋಸೇ ಬೇಕು, ಸಿಕ್ಕಿದ ಡೀಸೆಲ್ ಪೈಪು ನಡೆಯೋಲ್ಲ. ಕೂಲರನ್ನ ರೇಡಿಯೇಟರ್ ರೆಕ್ಕೆಗಳ ಮೂಲಕ ಪ್ಲಾಸ್ಟಿಕ್ ಕಡ್ಡಿ ತೂರಿಸಿ ಬಿಗಿದರೆ ಕೆಲಸ ಸಲೀಸು, ಆದರೆ ವರ್ಷಗಟ್ಟಲೆ ಅದುರಿ ರೇಡಿಯೇಟರೇ ತೂತಾಗಬಹುದು. ಬ್ರಾಕೆಟ್ ಹಾಕಿ ಕೂರಿಸೋದೇ ಮೇಲು. ಎಣ್ಣೆ ಕೂಲರಿಂದ ವಾಪಸ್ ಬಂದು ಬೇರಿಂಗು, ಚಕ್ರಗಳಿಗೆ ಜಾರುಗೊಡೋ ಕೆಲಸ ಮಾಡುತ್ತೆ. ಹಾಗಾಗಿ ಕೂಲರ್ ಕಟ್ಟಿಕೊಂಡರೆ ಬಿಸಿ ಒಂದೇ ಅಲ್ಲ, ಒಳಗೆ ಒಣಗುತ್ತೆ ಕೂಡ.

ಇನ್ನೊಂದು ಸೂಕ್ಷ್ಮ. ಕ್ರೈಸ್ಲರ್ ಕಂಪನಿಯ ಹಳೇ ಟಾರ್ಕ್‌ಫ್ಲೈಟ್ ಗೇರ್‌ಬಾಕ್ಸಿನಲ್ಲಿ ಲಿವರ್ ಪಾರ್ಕಿಗೆ ಹಾಕಿದರೆ ಎಣ್ಣೆ ಕೂಲರಿಗೆ ಹೋಗೋದೇ ಇಲ್ಲ. ತಣಿಸಬೇಕು ಅಂದರೆ ಕೈಬ್ರೇಕ್ ಎಳೆದು ನ್ಯೂಟ್ರಲ್ಲಿನಲ್ಲಿ ಓಡಿಸಬೇಕು.

ರೇಡಿಯೇಟರ್ ಒಳಗಿನ ಕೂಲರಿನ ಅಪಾಯ ಈಚೆಗೂ ಕಂಡಿತು. ನಿಸ್ಸಾನ್ ಫ್ರಾಂಟಿಯರ್ ಪಿಕಪ್ಪು, ಅದರ ಸೋದರ ಗಾಡಿಗಳ 2005ರಿಂದ 2010ರ ಮಾಡೆಲ್ಲುಗಳಲ್ಲಿ ಆ ಕೊಳವೆ ಬಿರುಕು ಬಿಟ್ಟು ನೀರು ಎಣ್ಣೆ ಒಂದಾದ ಪ್ರಕರಣಗಳು ಅಮೆರಿಕದ ಕೋರ್ಟಿಗೂ ಹೋದವು, ಕಂಪನಿ ವಾರಂಟಿ ಹೆಚ್ಚಿಸಬೇಕಾಯ್ತು. ಗುಲಾಬಿ ಬಣ್ಣದ ಆ ಮಿಶ್ರಣಕ್ಕೆ ಜನ ಸ್ಟ್ರಾಬೆರಿ ಮಿಲ್ಕ್‌ಶೇಕ್ ಅಂತಲೇ ಹೆಸರಿಟ್ಟರು. ನೀರು ಕುಡಿದ ಕ್ಲಚ್ ಪ್ಲೇಟಿನ ಲೈನಿಂಗ್ ಬಿಟ್ಟುಕೊಳ್ಳುತ್ತೆ, ಗೇರ್‌ಬಾಕ್ಸ್ ಹೋಯ್ತು ಅಂತಲೇ ಲೆಕ್ಕ.

ಈಗ ನಮ್ಮೂರಿಗೆ ಬರೋಣ. ಯಾವ ಕಂಪನಿಯದಾದರೂ ನಾವು ಜೇಸೀಬಿ ಅಂತಲೇ ಕರೆಯೋ ಯಂತ್ರದಲ್ಲಿ ಟಾರ್ಕ್ ಕನ್ವರ್ಟರ್ ಇರುತ್ತೆ. ಬಕೆಟ್ಟು ಮಣ್ಣಿನ ಗುಡ್ಡೆಗೆ ಒತ್ತಿ ನಿಂತಾಗ ಚಕ್ರ ತಿರುಗದೆ ಇಂಜಿನ್ ಅರಚುತ್ತಲ್ಲ, ಆಗ ಬಿಸಿ ಪೂರ್ತಿ ಎಣ್ಣೆಗೇ. ಹೋದ ಬೇಸಿಗೆ ನಮ್ಮ ಕೃಷಿ ಹೊಂಡ ತೆಗೆಸುವಾಗ ನಾನು ಯಂತ್ರದ ಕೂಲರ್ ನೋಡಿದೆ. ಎಣ್ಣೆಯ ಜಿಡ್ಡಿಗೆ ಧೂಳು ಅಂಟಿ ರೆಕ್ಕೆಗಳ ಸಂದು ಅರ್ಧ ಮುಚ್ಚಿತ್ತು. ಡ್ರೈವರಿಗೆ ಹೇಳಿದ್ದಕ್ಕೆ ಊಟದ ಹೊತ್ತಲ್ಲಿ ಇಂಜಿನ್ ಆರಿಸಿ, ತಣಿದ ಮೇಲೆ ಗಾಳಿ ಹೊಡೆದ. ಮಧ್ಯಾಹ್ನದ ಮೇಲೆ ಬಿಸಿಯ ಮುಳ್ಳು ಬೆಳಿಗ್ಗೆಗಿಂತ ಕೆಳಗೇ ನಿಂತಿತ್ತು. ಚೈನ್ ಮೇಲೆ ಓಡೋ ಭತ್ತದ ಕಟಾವು ಯಂತ್ರದ ವಿಧಾನ ಬೇರೆ, ಅದು ಎಣ್ಣೆಯ ಒತ್ತಡದಿಂದ ಓಡೋದು. ಆದರೂ ಅದಕ್ಕೂ ಎಣ್ಣೆ ಕೂಲರಿದೆ, ಅದರ ಶತ್ರು ಹೊಟ್ಟು.

ಬಾಡಿಗೆ ಯಂತ್ರ ಅಲ್ವಾ, ನಮಗೇನು ಅನ್ನಬೇಡಿ. ಗೇರ್‌ಬಾಕ್ಸ್ ಸುಟ್ಟರೆ ಮಾಲೀಕ ಆ ಖರ್ಚನ್ನ ಮುಂದಿನ ವರ್ಷದ ಗಂಟೆ ಬಾಡಿಗೇಲೇ ತೆಗೀತಾನೆ, ಕಟಾವಿನ ನಡುವೆ ಯಂತ್ರ ನಿಂತರೆ ಮಳೆಗೆ ಸಿಗೋದು ನಮ್ಮ ಭತ್ತ. ಸ್ವಂತ ಯಂತ್ರ ಇರೋರು ದಿನದ ಕೆಲಸ ಮುಗಿದ ಮೇಲೆ ಇಂಜಿನ್ ತಟ್ಟನೆ ಆರಿಸದೆ ಎರಡು ಮೂರು ನಿಮಿಷ ಬಿಡಿ, ತಣಿದ ಮೇಲೆ ಕೂಲರಿಗೆ ಒಳಗಿಂದ ಹೊರಕ್ಕೆ ಗಾಳಿ ಹೊಡೀರಿ, ಡಿಪ್‌ಸ್ಟಿಕ್ ಎತ್ತಿ ವಾಸನೆ ನೋಡಿ. ಸೀದ ವಾಸನೆ ಬಂದರೆ ಎಣ್ಣೆ ಬದಲಾಯಿಸೋಕೆ ಮುಂದಿನ ಸುಗ್ಗಿ ಕಾಯಬೇಡಿ.