ಗದಗಿನ ಬಿಸಿಲು, ಸವೆದ ಮೀಟರು

ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಎಲ್ಲಕ್ಕಿಂತ ಮೊದಲು ಕೈಕೊಡುವುದು ಅದರ ಲೈಟ್ ಮೀಟರು. ಲೋಹದ ಮೈ, ಲೆನ್ಸು, ಗೇರು ಇನ್ನೊಂದು ತಲೆಮಾರಿಗೂ ಬಾಳುತ್ತವೆ. ಬೆಳಕು ಅಳೆಯುವ ಕಣ್ಣು ಮಾತ್ರ ಯಾರಿಗೂ ತಿಳಿಯದಂತೆ ಮಂಜಾಗುತ್ತ ಹೋಗುತ್ತದೆ. ಬೆಟಗೇರಿಯಲ್ಲಿ ನನ್ನ ಸೋದರಮಾವನ ಸ್ಟುಡಿಯೋ ಇತ್ತು. ಅಂಥ ಮಂಜುಗಣ್ಣಿನ ಕ್ಯಾಮೆರಾ ಹಿಡಿದೇ ಅವರು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮದುವೆಗಳನ್ನು ತೆಗೆದರು. ಆ ನೆಗೆಟಿವ್‌ಗಳು ಇಂದಿಗೂ ಚೊಕ್ಕ ಪ್ರಿಂಟ್ ಕೊಡುತ್ತವೆ. ಅದು ಹೇಗೆ ಸಾಧ್ಯವಾಯಿತು ಎನ್ನುವುದು ನಮ್ಮ ಭಾಗದ ಫೋಟೋ ಕಸುಬಿನ ಚರಿತ್ರೆಯಲ್ಲಿ ಬರೆದಿಡಬೇಕಾದ ಸಂಗತಿ.

ಮೀಟರೇ ಇಲ್ಲದ ಕಾಲವೂ ಇಲ್ಲಿ ಇತ್ತು. 1850ರ ದಶಕದಲ್ಲಿ ಮುಂಬಯಿ ಸರಕಾರದ ಛಾಯಾಗ್ರಾಹಕನಾಗಿದ್ದ ಡಾಕ್ಟರ್ ಪಿಗೋ ಲಕ್ಕುಂಡಿಯ ಗುಡಿಗಳ ಫೋಟೋ ತೆಗೆದ. ಅವನ, ಬಿಗ್ಸ್ ಮತ್ತು ನೀಲ್ ಅವರ ಚಿತ್ರಗಳು 1866ರಲ್ಲಿ ಧಾರವಾಡ-ಮೈಸೂರು ಸೀಮೆಯ ವಾಸ್ತುಶಿಲ್ಪದ ದೊಡ್ಡ ಪುಸ್ತಕವಾಗಿ ಲಂಡನ್ನಿನಲ್ಲಿ ಅಚ್ಚಾದವು. ಅವರಿಗಿದ್ದದ್ದು ಕಣ್ಣಂದಾಜು ಮಾತ್ರ. ಸೆಲೆನಿಯಂ ಮೀಟರು ಬಂದದ್ದು 1930ರ ದಶಕದಲ್ಲಿ. 1936ರ ಕಾಂಟಾಕ್ಸ್ 3 ಅದನ್ನು ನೆತ್ತಿಯ ಮೇಲೆಯೇ ಹೊತ್ತುಕೊಂಡು ಬಂತು. ಜಿಲ್ಲಾ ಊರಿನ ಸ್ಟುಡಿಯೋಗಳಿಗೆ ಅದೆಲ್ಲ ದೂರದ ಮಾತು. ಮಾವನ ಕೈಗೆ ಬಂದದ್ದು ಮೊದಲು ರಷ್ಯಾದ ಝೋರ್ಕಿ, ಆಮೇಲೆ ಯಾಶಿಕಾ ಎಲೆಕ್ಟ್ರೋ 35.

ಝೋರ್ಕಿಯಲ್ಲಿ ಮೀಟರ್ ಇರಲಿಲ್ಲ, ಬೇರೆಯೇ ಕಾಟವಿತ್ತು. ಈ ಜಾತಿಯ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಕನ್ನಡಿಯಿಲ್ಲ, ನೇರ ಬಟ್ಟೆಯ ಶಟರು. ಕ್ಯಾಪು ಹಾಕದೆ ಸೂರ್ಯನಿಗೆ ಮುಖಮಾಡಿ ಇಟ್ಟರೆ ಲೆನ್ಸೇ ಬೂದುಗಾಜಾಗಿ ಆ ಬಟ್ಟೆಯನ್ನು ಸುಡುತ್ತದೆ. ಸೂಜಿಮೊನೆಯಷ್ಟು ತೂತು ಬಿದ್ದರೂ ಪ್ರತಿ ಫ್ರೇಮಿನಲ್ಲೂ ಕಲೆ. ನಮ್ಮ ಏಪ್ರಿಲ್ ಬಿಸಿಲಿಗೆ ಅಷ್ಟು ಮಾಡಲು ಬಹಳ ಹೊತ್ತೇನೂ ಬೇಡ.

ಎಲೆಕ್ಟ್ರೋ 1966ರಲ್ಲಿ ಜಪಾನಿನಲ್ಲಿ ಹೊರಬಂತು. ಎಫ್ 1.7ರ ಲೆನ್ಸು. ಅಪರ್ಚರ್ ನಾವು ಇಟ್ಟರೆ ಶಟರ್ ವೇಗ ಅದೇ ಹುಡುಕಿಕೊಳ್ಳುತ್ತದೆ. ಬೆಳಕು ಕಡಿಮೆಯಾದರೆ ಹಳದಿ ದೀಪ, ಹೆಚ್ಚಾದರೆ ಕೆಂಪು. ಶೆಲ್ಲು ಹೋದರೆ ಉಳಿಯುವುದು 500ರ ವೇಗವೊಂದೇ. ಅದರೊಳಗೆ ಒಂದು ಸಣ್ಣ ರಬ್ಬರ್ ಪ್ಯಾಡ್ ಇದೆ. ಕ್ಯಾಮೆರಾ ಚೆನ್ನಾಗಿದ್ದರೆ ಫಿಲ್ಮ್ ಸುತ್ತುವಾಗ ಒಳಗಿನಿಂದ ಟಕ್ ಎಂದು ಒಂದು ಸದ್ದು ಬರಬೇಕು. ವರ್ಷಗಳು ಕಳೆದಂತೆ ಪ್ಯಾಡು ಪುಡಿಯಾಗುತ್ತದೆ, ಸದ್ದು ನಿಲ್ಲುತ್ತದೆ, ಎಕ್ಸ್‌ಪೋಶರಿನ ಹದ ತಪ್ಪುತ್ತದೆ. ದೀಪಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಉರಿಯುತ್ತಲೇ ಇರುತ್ತವೆ. ಮಾವ ಯಾರದೇ ಎಲೆಕ್ಟ್ರೋ ಕೈಗೆ ಬಂದರೂ ಮೊದಲು ಕಿವಿಗೆ ಹಿಡಿದು ಲಿವರ್ ಎಳೆಯುತ್ತಿದ್ದರು.

ಸೆಲೆನಿಯಂ ಕ್ಯಾಮೆರಾಗಳ ಕಥೆಯೇ ಬೇರೆ. ಅವಕ್ಕೆ ಶೆಲ್ಲು ಬೇಡ, ಆದರೆ ತೇವ ತಾಗಿ ತಾಗಿ ಕೋಶದ ಕಸುವು ಇಳಿಯುತ್ತದೆ. ಕಸುವು ಇಳಿದ ಮೀಟರು ಇರುವುದಕ್ಕಿಂತ ಕಡಿಮೆ ಬೆಳಕು ತೋರಿಸುತ್ತದೆ. ಅದನ್ನು ನಂಬಿದರೆ ನೆಗೆಟಿವ್ ಕಪ್ಪಾಗಿ ದಟ್ಟವಾಗುತ್ತದೆ. ಎಣ್ಣೆ ಗಟ್ಟಿಯಾಗಿ, ಬೆಟಗೇರಿಯ ಅರಳೆ ಧೂಳು ಸೇರಿ ಶಟರಿನ ನಿಧಾನದ ವೇಗಗಳು ಇನ್ನೂ ಮಂದವಾದವೆನ್ನಿ, ಎರಡೂ ತಪ್ಪು ಒಂದೇ ದಿಕ್ಕಿಗೆ ಕೂಡಿಕೊಳ್ಳುತ್ತವೆ. ಪುಣ್ಯಕ್ಕೆ ಕಪ್ಪು-ಬಿಳುಪು ಫಿಲ್ಮು ಹೆಚ್ಚಾದ ಬೆಳಕನ್ನು ತಾಳಿಕೊಳ್ಳುತ್ತದೆ. ಎನ್‌ಲಾರ್ಜರ್ ಕೆಳಗೆ ಸ್ವಲ್ಪ ಹೆಚ್ಚು ಹೊತ್ತು ಇಟ್ಟರೆ ಚಿತ್ರ ಬರುತ್ತದೆ. ಬೆಳಕು ಕಡಿಮೆ ಬಿದ್ದರೆ ಮಾತ್ರ ತರಲು ಅಲ್ಲಿ ಏನೂ ಇರುವುದಿಲ್ಲ. ಸವೆದ ಕ್ಯಾಮೆರಾಗಳು ಅಷ್ಟು ವರ್ಷ ದುಡಿದದ್ದಕ್ಕೆ ಅರ್ಧ ಕಾರಣ ಈ ಫಿಲ್ಮಿನ ಗುಣ.

ಇನ್ನರ್ಧ ಕಾರಣ ಇಲ್ಲಿನ ಬೆಳಕನ್ನು ಬಲ್ಲ ಜನ. ಮೀಟರು ಹೊಸದಿದ್ದರೂ ತನ್ನೆದುರಿಗಿರುವುದನ್ನೆಲ್ಲ ನಡುಬೂದು ಎಂದೇ ಲೆಕ್ಕ ಹಾಕುತ್ತದೆ. ನಮ್ಮ ಸೀಮೆಯಲ್ಲಿ ನಡುಬೂದು ಎಲ್ಲಿದೆ? ಬೀಗರ ಸಾಲು ಪೂರಾ ಬಿಳಿ ಧೋತರ, ಬಿಳಿ ಪಟಗ. ಹೊಲಕ್ಕೆ ಹೋದರೆ ಕಾಡಿಗೆಯಂಥ ಎರಿ ಮಣ್ಣು. ಎಲೆಕ್ಟ್ರೋದಲ್ಲಿ ಶಟರ್ ವೇಗವನ್ನು ಕೈಯಿಂದ ಇಡುವಂತಿಲ್ಲ, ತಿದ್ದಲು ಇರುವುದು ಎಎಸ್‌ಎ ಚಕ್ರ. 125ರ ಆರ್ವೋ ಎನ್‌ಪಿ 22 ಫಿಲ್ಮು ಹಾಕಿಕೊಂಡು, ಧೋತರದ ಗುಂಪು ಬಂದಾಗ ಮಾವ ಚಕ್ರವನ್ನು 64ಕ್ಕೆ ತಿರುಗಿಸುತ್ತಿದ್ದರು. ಎರಿ ಹೊಲದಲ್ಲಿ ಎತ್ತು ಹೂಡಿ ನಿಂತ ರೈತನಿಗೆ 250.

“ತಮ್ಮಾ, ಮೀಟರಿನ ಮಾತು ಕೇಳು, ಆದ್ರ ಮೊದಲ ಬಿಸಲ ನೋಡು,” ಎನ್ನುತ್ತಿದ್ದರು. ಚುರುಕು ಬಿಸಿಲಿಗೆ ಎಫ್ 16, ಸೆಕೆಂಡಿನ 125ನೇ ಒಂದು ಭಾಗ: ಇದು ಜಗತ್ತಿನ ಫೋಟೋಗ್ರಾಫರರಿಗೆಲ್ಲ ಗೊತ್ತಿದ್ದ ಲೆಕ್ಕ. ಗುಡಿಯೊಳಗೆ ಅದು ನಡೆಯದು. ಹೊರಗಿನ ಉರಿಬಿಸಿಲಿನಿಂದ ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಗೆ ಕಾಲಿಟ್ಟರೆ ಯಾಶಿಕಾದ ಸಿಡಿಎಸ್ ಕೋಶ ಕೆಲಹೊತ್ತು ಬಿಸಿಲಿನ ನೆನಪಿನಲ್ಲೇ ಇರುತ್ತದೆ, ಕತ್ತಲೆಗೆ ಒಗ್ಗುವುದು ತಡ. ಮೊದಲ ಅಳತೆ ನಂಬಿ ತೆಗೆದರೆ ಕಡೆದ ಕಂಬಗಳ ನುಣುಪೆಲ್ಲ ಕಪ್ಪಿನಲ್ಲಿ ಮುಳುಗುತ್ತದೆ. ಆದ್ದರಿಂದ ಮಾವ ಒಳಗೆ ಹೋಗಿ ಕೂತು, ನೀರು ಕುಡಿದು, ಆಮೇಲೆ ಕ್ಯಾಮೆರಾ ತೆಗೆಯುತ್ತಿದ್ದರು.

ಮುಂದೆ ಪಾದರಸದ ಶೆಲ್ಲುಗಳು ಮಾರುಕಟ್ಟೆಯಿಂದ ಮಾಯವಾದವು. 1.35 ವೋಲ್ಟನ್ನು ಕೊನೆಯವರೆಗೂ ಒಂದೇ ಸಮ ಕೊಡುತ್ತಿದ್ದ ಶೆಲ್ಲಿನ ಜಾಗಕ್ಕೆ 1.5ರಲ್ಲಿ ಶುರುವಾಗಿ ಇಳಿಯುತ್ತ ಹೋಗುವ ಆಲ್ಕಲೈನ್ ಬಂತು. ಎಷ್ಟೋ ಮೀಟರುಗಳು ದಾರಿ ತಪ್ಪಿದವು. ಎಲೆಕ್ಟ್ರೋಗೆ ಬೇಕಿದ್ದದ್ದು 5.6 ವೋಲ್ಟಿನ ಶೆಲ್ಲು. 6 ವೋಲ್ಟಿನದಕ್ಕೆ ಒಂದು ಸ್ಪ್ರಿಂಗು ಕೂಡಿಸಿ ಹಾಕಿದರೂ ಅದು ಹೆಚ್ಚು ತಕರಾರು ಮಾಡುವುದಿಲ್ಲ.

ಮಾವನ ಕ್ಯಾಮೆರಾಗಳ ಚರ್ಮದ ಕೇಸಿನೊಳಗೆ ಬಾಲ್‌ಪೆನ್ನಿನಲ್ಲಿ ಬರೆದ ಚೀಟಿಗಳಿವೆ: ಇದು ಒಂದು ಸ್ಟಾಪ್ ಹೆಚ್ಚು, ಇದರ ಎಂಟನೇ ಒಂದು ಭಾಗ ನಾಲ್ಕನೆಯದರಂತೆ. ಒಂದೊಂದು ಕ್ಯಾಮೆರಾಕ್ಕೂ ಒಂದೊಂದು ತಿದ್ದುಪಡಿ. ಊರಿನ ಹಳೆ ಸ್ಟುಡಿಯೋಗಳವರು ಕ್ಯಾಮೆರಾಗಳನ್ನು ಗುಜರಿಗೆ ಹಾಕುತ್ತಿದ್ದಾರೆ, ಕೇಸು ಅದಕ್ಕೂ ಮೊದಲೇ ಕಸಕ್ಕೆ ಹೋಗುತ್ತದೆ. ದಯವಿಟ್ಟು ಕೇಸಿನ ಒಳಮುಚ್ಚಳ ಬಿಚ್ಚಿ ನೋಡಿ, ಚೀಟಿ ಇದ್ದರೆ ತೆಗೆದಿಡಿ. ಕ್ಯಾಮೆರಾ ಯಾವುದು, ಯಾರ ಸ್ಟುಡಿಯೋದ್ದು ಎಂದು ಅದರ ಹಿಂದೆಯೇ ಬರೆದುಬಿಡಿ.